ರಾಮನಗರ ಬೆಟ್ಟಸಾಲಿನ ವರ್ಣಛಾಯಾಚಿತ್ರಣ

ರಾಮನಗರ, ಮಾಗಡಿ, ಕನಕಪುರ ಮತ್ತು ಚನ್ನಪಟ್ಟಣ ಸೀಮೆಯ ಬಂಡೆಬೆಟ್ಟಗಳು ಬಣ್ಣದಲ್ಲಿ ದಾಖಲಾದ ಬಗೆ ಮತ್ತು ಆ ಬಣ್ಣವನ್ನು ಎಷ್ಟು ನಂಬಬಹುದೆಂಬುದು ಇಲ್ಲಿನ ವಿಷಯ. ಭೂವಿಜ್ಞಾನಿಗಳು ಈ ಶಿಲೆಯನ್ನು ರಾಮನಗರದ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಕಲ್ಲು ಕೆಲವೆಡೆ ಬೂದು, ಕೆಲವೆಡೆ ಫೆಲ್ಡ್‌ಸ್ಪಾರ್ ಹರಳುಗಳಿಂದಾಗಿ ನಸುಗೆಂಪು. ಮುಂದಿನ ತೊಡಕೆಲ್ಲ ಈ ನಸುಗೆಂಪಿನದೇ.

ಕ್ಯಾಮೆರಾಕ್ಕೆ ಮೊದಲು

ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧದಲ್ಲಿ, 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಮಾಗಡಿ ಬಳಿಯ ಸಾವನದುರ್ಗವನ್ನು ಹಿಡಿಯಿತು. ಆ ಯುದ್ಧಕಾಲದಲ್ಲಿ ರಾಬರ್ಟ್ ಕೋಲ್‌ಬ್ರೂಕ್ ಬರೆದ ಮೈಸೂರು ಸೀಮೆಯ 12 ನೋಟಗಳು ಲಂಡನ್ನಿನಲ್ಲಿ ಅಕ್ವಾಟಿಂಟ್ ಮುದ್ರಣಗಳಾಗಿ ಹೊರಬಂದವು. ಇಂಥ ಮುದ್ರಣಗಳಿಗೆ ಕೈಯಿಂದ ಬಣ್ಣ ತುಂಬುತ್ತಿದ್ದವರು ಬೆಟ್ಟವನ್ನು ಕಂಡವರಲ್ಲ ಎಂದೇ ಭಾವಿಸಬೇಕು. ಬೆಟ್ಟದ ಆಕಾರಕ್ಕೆ ಇವು ಸಾಕ್ಷಿಯಾಗಬಹುದು, ಬಣ್ಣಕ್ಕಲ್ಲ.

ಫಲಕದಿಂದ ಫಿಲ್ಮಿಗೆ

19ನೇ ಶತಮಾನದ ಛಾಯಾಫಲಕಗಳು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವು. ಅವುಗಳಲ್ಲಿ ಆಕಾಶ ಬರಿದಾಗಿ ಬೆಳ್ಳಗಾಗುತ್ತದೆ. ಚನ್ನಪಟ್ಟಣದ ಕೆಂಪು ಅರಗಿನ ಗೊಂಬೆಯಾದರೆ ಕಪ್ಪಾಗಿಯೇ ಕಾಣಬೇಕು. ಹಾಗಾಗಿ ಹಳೆಯ ಕಾಲವನ್ನು ಮಂಕೆಂದುಕೊಳ್ಳುವ ನಮ್ಮ ರೂಢಿಗೆ ರಸಾಯನವೂ ಒಂದು ಕಾರಣ. 1907ರಲ್ಲಿ ಲುಮಿಯೇರ್ ಸೋದರರು ಮಾರುಕಟ್ಟೆಗೆ ತಂದ ಆಟೋಕ್ರೋಮ್ ವರ್ಣಫಲಕ ಈ ರೂಢಿಯನ್ನು ಮುರಿಯಿತು. ಕಿತ್ತಳೆಗೆಂಪು, ಹಸಿರು, ನೇರಳೆ ಬಣ್ಣ ಕೊಟ್ಟ ಆಲೂಗಡ್ಡೆ ಪಿಷ್ಟದ ಕಣಗಳನ್ನು ಗಾಜಿನ ಮೇಲೆ ಹರಡಿ, ಸಂದುಗಳಿಗೆ ಕಾಡಿಗೆ ತುಂಬಿ, ಮೇಲೆ ಕಪ್ಪು-ಬಿಳುಪಿನ ಲೇಪ ಕೊಡುತ್ತಿದ್ದರು. ಫ್ರೆಂಚ್ ಬ್ಯಾಂಕರ್ ಆಲ್ಬರ್ಟ್ ಕಾನ್‌ನ ಸಂಗ್ರಹಕ್ಕಾಗಿ ಛಾಯಾಗ್ರಾಹಕ ಸ್ಟೆಫಾನ್ ಪಾಸೆ 1913–14ರಲ್ಲಿ ಭಾರತದ ದೃಶ್ಯಗಳನ್ನು ಹೀಗೆ ಸೆರೆಹಿಡಿದ. ಕನ್ನಡ ಸಿನಿಮಾದ ಫಿಲ್ಮಿಗೆ ಪೂರ್ಣ ಬಣ್ಣ ಬರಲು ಮಾತ್ರ ದಶಕಗಳೇ ಬೇಕಾದವು: ಮೊದಲ ಪೂರ್ಣ ವರ್ಣದ ಕನ್ನಡ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ.

ಈಸ್ಟ್‌ಮನ್‌ಕಲರ್ ಮತ್ತು ಬಂಡೆಯ ಕೆಂಪು

ರಾಮನಗರದ ರಾಮದೇವರಬೆಟ್ಟವನ್ನು ದೇಶದ ಕಣ್ಣಿಗೆ ಬಣ್ಣದಲ್ಲಿ ತಂದದ್ದು ಹಿಂದಿ ಚಲನಚಿತ್ರ ‘ಶೋಲೆ’. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಆರಂಭವಾಯಿತು. ಬೆಟ್ಟದ ಬುಡದಲ್ಲಿ ಕಥೆಯ ರಾಮಗಢವೆಂಬ ಹಳ್ಳಿಯನ್ನೇ ಕಟ್ಟಲಾಯಿತು. ಛಾಯಾಗ್ರಾಹಕ ದ್ವಾರಕಾ ದಿವೇಚಾ 35 ಮಿ.ಮೀ. ಫಿಲ್ಮಿನಲ್ಲಿ ತೆಗೆದುದನ್ನು 70 ಮಿ.ಮೀ.ಗೆ ಹಿಗ್ಗಿಸಲಾಯಿತು. ಈಸ್ಟ್‌ಮನ್‌ಕಲರ್‌ನಂಥ ಆ ಕಾಲದ ವರ್ಣ ಪ್ರತಿಗಳಲ್ಲಿ ಹಸಿರುನೀಲಿ, ಕಡುಗುಲಾಬಿ, ಹಳದಿ ವರ್ಣಕಗಳು ಒಂದರ ಮೇಲೊಂದು ಪದರವಾಗಿರುತ್ತವೆ. ಕತ್ತಲ ಡಬ್ಬಿಯಲ್ಲಿಟ್ಟರೂ, ಸೆಕೆಯಲ್ಲಂತೂ ಬೇಗನೆ, ಹಸಿರುನೀಲಿ ಮೊದಲು ಮಾಸುತ್ತದೆ, ಹಿಂದೆಯೇ ಹಳದಿ. ಕೊನೆಗೆ ಉಳಿಯುವುದು ಗುಲಾಬಿ. ಕಡಿಮೆ ಮಾಸುವ ಪ್ರತಿಫಿಲ್ಮು ಬಂದದ್ದು 1980ರ ದಶಕದ ಆರಂಭದಲ್ಲಿ. ಹೀಗಾಗಿ 1970ರ ದಶಕದ ಒಂದು ಪ್ರತಿಯಲ್ಲಿ ಬಂಡೆ ಕೆಂಪಗೆ ಕಂಡರೆ ಅದು ಫೆಲ್ಡ್‌ಸ್ಪಾರ್‌ನದೋ ಫಿಲ್ಮಿನ ಮುಪ್ಪಿನದೋ ಎಂದು ಬಂಡೆಯನ್ನಷ್ಟೇ ನೋಡಿ ಹೇಳಲಾಗದು. ‘ಶೋಲೆ’ಯ ಪಾತ್ರವಾದ ವಿಧವೆ ರಾಧಾಳ ಬಿಳಿ ಸೀರೆ ಇಲ್ಲಿ ಒಳ್ಳೆಯ ಒರೆಗಲ್ಲು: ಸೀರೆಯೂ ಗುಲಾಬಿಗೆ ತಿರುಗಿದ್ದರೆ ಆ ಪ್ರತಿಯಿಂದ ಬೆಟ್ಟದ ಬಣ್ಣವನ್ನಾಗಲಿ, ಕುರುಚಲು ಕಾಡಿನ ಹಸಿರನ್ನಾಗಲಿ ಅಳೆಯಬಾರದು. ಸಂಜೆ ಬಿಸಿಲಿನ ಹೊಂಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವಿಸಿದ ‘ಶೋಲೆ’ಯ ಪ್ರತಿ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶನಗೊಂಡಿತು. ಅದರ ಬಣ್ಣವೂ ತಂತ್ರಜ್ಞರ ವಿವೇಚನೆಯಿಂದ ಹೊಂದಿಸಿದ್ದೇ.

ಇನ್ನೊಂದು ಚಿತ್ರ

ಡೇವಿಡ್ ಲೀನ್‌ನ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಸಾವನದುರ್ಗ ಮತ್ತು ರಾಮದೇವರಬೆಟ್ಟಗಳು ಕಥೆಯ ಮರಾಬಾರ್ ಗುಹೆಗಳ ತಾಣವಾಗಿ ಕಾಣಿಸಿಕೊಂಡಿವೆ. ‘ಶೋಲೆ’ ಮತ್ತು ಈ ಚಿತ್ರ ಎರಡರಲ್ಲೂ ಈ ಬೆಟ್ಟಗಳಿಗೆ ಅವುಗಳ ಸ್ವಂತ ಹೆಸರಿಲ್ಲ. ಭೂದೃಶ್ಯದ ದಾಖಲೆ ಹುಡುಕುವವರು ಕಥೆಯೊಳಗಿನ ಹೆಸರುಗಳಲ್ಲೂ ಹುಡುಕಬೇಕಾಗುತ್ತದೆ.