ಚೋಳಮಂಡಲದ ಕಲ್ಪವೃಕ್ಷ: ಎಸ್. ಜಿ. ವಾಸುದೇವ್ ಅವರ ಮದರಾಸಿನ ವರ್ಷಗಳು

ಮದರಾಸಿನ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವುದು ತ್ಯಾಗರಾಯನಗರ. ಹಿಂದೆ ಮಾಂಬಲದ ಕೆರೆ ಹರಡಿದ್ದ ನೆಲದ ಮೇಲೆ 1920ರ ದಶಕದಲ್ಲಿ ರೂಪುಗೊಂಡು, ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರನ್ನು ಹೊತ್ತ ಈ ಬಡಾವಣೆಯ ಹಬೀಬುಲ್ಲಾ ರಸ್ತೆಯಲ್ಲಿ ಕರ್ನಾಟಕ ಸಂಘದ ಶಾಲೆ ಬೆಳೆಯಿತು. ಪಕ್ಕದ ಕೋಡಂಬಾಕ, ವಡಪಳನಿಗಳ ಸ್ಟುಡಿಯೋಗಳಲ್ಲಿ ಕನ್ನಡ ಚಲನಚಿತ್ರಗಳು ಬಹುಕಾಲ ತಯಾರಾದವು. ಹೀಗೆ ವಿದ್ಯೆಯ ಮಾತು, ಸಿನಿಮಾದ ಮಾತು ಬಂದಾಗ ಮದರಾಸಿಗೆ ಅದರ ಪಾಲು ಸಲ್ಲುತ್ತದೆ. ಚಿತ್ರಕಲೆಯ ಮಾತು ಬಂದಾಗ ಮಾತ್ರ ಕನ್ನಡದ ಲೇಖನಿ ಮೈಸೂರು, ಧಾರವಾಡಗಳ ಕಡೆಗೆ ತಿರುಗಿಬಿಡುವುದುಂಟು. ಎಸ್. ಜಿ. ವಾಸುದೇವ್ ಅವರ ಜೀವನವೃತ್ತಾಂತವು ಈ ಅಭ್ಯಾಸವನ್ನು ತಿದ್ದಿಕೊಳ್ಳಲು ತಕ್ಕ ಕಾರಣವನ್ನು ಒದಗಿಸುತ್ತದೆ.

ವಾಸುದೇವ್ ಅವರು ಹುಟ್ಟಿದ್ದು 1941ರಲ್ಲಿ, ಮೈಸೂರಿನಲ್ಲಿ. ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದ ಅವರ ಕೈಚಳಕವನ್ನು ಗುರುತಿಸಿ, ಮದರಾಸಿಗೆ ಹೋಗಿ ಕ್ರಮವಾಗಿ ಚಿತ್ರಕಲೆಯನ್ನು ಕಲಿಯಬೇಕೆಂದು ಒತ್ತಾಯಿಸಿದವರು ಕಲಾವಿಮರ್ಶಕ ಜಿ. ವೆಂಕಟಾಚಲಂ. ಈ ಸಲಹೆಯ ಬೆಲೆ ತಿಳಿಯಬೇಕಾದರೆ ಹಿಂದಿನ ತಲೆಮಾರನ್ನು ನೆನೆಯಬೇಕು. ಮೈಸೂರು ಸೀಮೆಯ ಕೆ. ವೆಂಕಟಪ್ಪನವರು ಪ್ರೌಢಶಿಕ್ಷಣಕ್ಕಾಗಿ ಹೋದದ್ದು ದೂರದ ಕಲ್ಕತ್ತೆಗೆ, ಅವನೀಂದ್ರನಾಥ ಠಾಕೂರರ ಬಳಿಗೆ. ಅಂದಿನ ದಿನ ಹೊಸ ಭಾರತೀಯ ಚಿತ್ರಕಲೆಯೆಂದರೆ ವಂಗದೇಶವೇ ಎಂಬ ಭಾವನೆಯಿತ್ತು. ಐವತ್ತು ವರ್ಷಗಳ ತರುವಾಯ ದಿಕ್ಕು ಬದಲಾಗಿದೆಯೆಂಬುದನ್ನು ಕಂಡುಕೊಂಡದ್ದು ವಿಮರ್ಶಕನ ಕಣ್ಣು. ವಿಮರ್ಶಕನ ಕೆಲಸವೆಂದರೆ ಗುಣದೋಷಗಳನ್ನು ಎಣಿಸುವುದಷ್ಟೇ ಎಂದು ತಿಳಿದವರು ಈ ಒಂದು ಸಂಗತಿಯನ್ನು ಗಮನಿಸಬೇಕು.

ಮದರಾಸಿನ ಕಲಾಶಾಲೆ ಹಳೆಯದು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಅದನ್ನು ಸ್ಥಾಪಿಸಿದರು. 1929ರಿಂದ 1957ರವರೆಗೆ ದೇವೀಪ್ರಸಾದ ರಾಯ್ ಚೌಧುರಿಯವರು ಅದರ ಮುಖ್ಯಸ್ಥರಾಗಿದ್ದರು. ಮರೀನಾ ಕಡಲತೀರದಲ್ಲಿರುವ ಶ್ರಮವಿಜಯದ ಶಿಲ್ಪ ಅವರದೇ. ಅವರ ಸ್ಥಾನಕ್ಕೆ ಬಂದ ಕೆ. ಸಿ. ಎಸ್. ಪಣಿಕ್ಕರ್ ಅವರು ಚಿತ್ರಕಾರರೂ ಹೌದು, ಕಲೆಯನ್ನು ಕುರಿತು ಚಿಂತಿಸಿ ಬರೆಯಬಲ್ಲವರೂ ಹೌದು. 1944ರಲ್ಲಿಯೇ ಪ್ರಗತಿಶೀಲ ಚಿತ್ರಕಾರರ ಸಂಘವನ್ನು ಕಟ್ಟಿದ್ದ ಅವರು, 1961ರಲ್ಲಿ ‘ಆರ್ಟ್ರೆಂಡ್ಸ್’ ಎಂಬ ಪತ್ರಿಕೆಯನ್ನೂ ಹೊರಡಿಸಿದರು. ಪಶ್ಚಿಮದ ನವ್ಯತೆಯನ್ನು ಅನುಕರಿಸದೆ, ಹಳೆಯದಕ್ಕೆ ಜೋತುಬೀಳದೆ, ದಕ್ಷಿಣದ ನೆಲಕ್ಕೆ ಸಹಜವಾದ ರೇಖೆಯನ್ನು ಹೇಗೆ ಸಾಧಿಸಬೇಕೆಂಬುದು ಅವರ ಪ್ರಶ್ನೆ. ವಾಸುದೇವ್ ಅವರು ಆ ಶಾಲೆಗೆ ಸೇರಿದಾಗ ಈ ಪ್ರಶ್ನೆಯೇ ಅಲ್ಲಿಯ ನಿತ್ಯದ ಚರ್ಚೆಯಾಗಿತ್ತು.

ಆದರೆ ಪ್ರಶ್ನೆಯಿಂದ ಹೊಟ್ಟೆ ತುಂಬದು. ಅಂದಿನ ಮದರಾಸಿನಲ್ಲಿ ಚಿತ್ರವನ್ನು ಕೊಳ್ಳುವವರು ವಿರಳ. ಕಲಾಶಾಲೆಯಿಂದ ಹೊರಬಿದ್ದವನಿಗೆ ಜವಳಿ ಕಾರ್ಖಾನೆಯ ನಮೂನೆ ಬರೆಯುವುದೋ, ಜಾಹೀರಾತಿನ ಕಛೇರಿಯೋ, ಸಿನಿಮಾದ ಹಿನ್ನೆಲೆಪರದೆಯೋ ಗತಿ. ಪಣಿಕ್ಕರ್ ಮತ್ತು ಅವರ ಶಿಷ್ಯರು ಇದಕ್ಕೆ ಕಂಡುಕೊಂಡ ಉಪಾಯ ಬಾತಿಕ್ ಕಸಬು. ಕಾಯಿಸಿದ ಮೇಣದಿಂದ ಬಟ್ಟೆಯ ಮೇಲೆ ಚಿತ್ರವನ್ನು ಬರೆದು, ಬಣ್ಣದಲ್ಲಿ ಅದ್ದಿ, ಮೇಣ ಹತ್ತಿದಲ್ಲಿ ಬಣ್ಣ ತಾಗದಂತೆ ಮಾಡುವ ಈ ವಿದ್ಯೆಯಿಂದ ತಯಾರಾದ ವಸ್ತ್ರಗಳು ಚೆನ್ನಾಗಿ ಮಾರಾಟವಾದವು. ಆ ಹಣವನ್ನು ಕೂಡಿಸಿ, ನಗರದ ದಕ್ಷಿಣಕ್ಕೆ ಸಮುದ್ರದಂಚಿನ ಈಂಜಂಬಾಕ್ಕಂ ಎಂಬಲ್ಲಿ ಸುಮಾರು ಹತ್ತು ಎಕರೆ ಮರಳುನೆಲವನ್ನು ಕೊಂಡು, 1966ರಲ್ಲಿ ಅವರು ಚೋಳಮಂಡಲ ಕಲಾಗ್ರಾಮವನ್ನು ಸ್ಥಾಪಿಸಿದರು. (ಚೋಳಮಂಡಲವೆಂಬ ಹಳೆಯ ಹೆಸರೇ ಪರದೇಶದ ವರ್ತಕರ ಬಾಯಲ್ಲಿ ಕೋರಮಂಡಲವಾಯಿತೆಂದು ಬಲ್ಲವರು ಹೇಳುತ್ತಾರೆ.) ದಿನದ ಒಂದಷ್ಟು ಹೊತ್ತು ಕಸಬಿಗೆ, ಉಳಿದ ಹೊತ್ತು ಚಿತ್ರಕ್ಕೆ ಎಂಬುದು ಅಲ್ಲಿಯ ಕ್ರಮ. ಸರಕಾರದ ದಾನವನ್ನಾಗಲಿ ಸಿರಿವಂತರ ಕೃಪೆಯನ್ನಾಗಲಿ ಕಾಯದೆ, ಕಲಾವಿದರು ತಮ್ಮ ಕೈಯ ದುಡಿಮೆಯಿಂದಲೇ ಕಟ್ಟಿಕೊಂಡ ಇಂಥ ಊರು ಈ ದೇಶದಲ್ಲಿ ಅಪರೂಪ. ಅದರ ಸ್ಥಾಪಕರಲ್ಲಿ ವಾಸುದೇವ್ ಅವರೂ ಒಬ್ಬರು.

ಕಸಬು ಅವರಿಗೆ ಹೊಟ್ಟೆಪಾಡಾಗಿ ಮಾತ್ರ ಉಳಿಯಲಿಲ್ಲ. ತಾಮ್ರದ ತಗಡನ್ನು ಬಡಿದು ಉಬ್ಬುಚಿತ್ರಗಳನ್ನು ಎಬ್ಬಿಸುವ ಕೆಲಸದಲ್ಲಿ ಅವರು ಪಳಗಿದರು. ಲೋಹದ ಮೇಲೆ ಮೂಡಿದ ಗೆರೆಯ ಬಿಗಿ ಅವರ ತೈಲಚಿತ್ರಗಳಿಗೂ ಇಳಿಯಿತು. ಚೋಳಮಂಡಲದ ಸಂಗಾತಿಯೂ ಸ್ವತಃ ಕಲಾವಿದೆಯೂ ಆಗಿದ್ದ ಅರ್ನವಾಜ್ ಅವರನ್ನು ಅವರು ವಿವಾಹವಾದರು. 1967ರಲ್ಲಿ ಕೇಂದ್ರ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ವಾಸುದೇವ್ ಅವರಿಗೆ ದೊರೆಯಿತು.

ಗುರುವಿಗೂ ಶಿಷ್ಯನಿಗೂ ಇರುವ ಅಂತರವು ಇಲ್ಲಿ ವಿಚಾರಾರ್ಹವಾದದ್ದು. 1963ರ ಸುಮಾರಿಗೆ ಪಣಿಕ್ಕರ್ ಅವರು ಮಲಯಾಳ ಲಿಪಿಯ ಆಕೃತಿಗಳನ್ನೂ ಜಾತಕದ ಕುಂಡಲಿಗಳನ್ನೂ ಗಣಿತದ ಚಿಹ್ನೆಗಳನ್ನೂ ಬಳಸಿ ‘ಶಬ್ದ ಮತ್ತು ಸಂಕೇತ’ಗಳ ಚಿತ್ರಮಾಲೆಯನ್ನು ಆರಂಭಿಸಿದ್ದರು. ವಾಸುದೇವ್ ಅವರು ತಮ್ಮ ಭಾಷೆಯಿಂದ ಎತ್ತಿಕೊಂಡದ್ದು ಕಾವ್ಯದ ಪ್ರತಿಮೆಯನ್ನು. ಬೇಂದ್ರೆಯವರ ಕಾವ್ಯದ ಕಲ್ಪವೃಕ್ಷವು ಅವರ ‘ವೃಕ್ಷ’ ಚಿತ್ರಮಾಲೆಗೆ ಪ್ರೇರಣೆಯಾಯಿತು. ಹಕ್ಕಿ, ಮೃಗ, ಮಾನವಮುಖಗಳು ಕೊಂಬೆಯೊಳಗೆ ಕೊಂಬೆಯಾಗಿ ಬೆಸೆದುಕೊಂಡ ಆ ಮರಗಳನ್ನು ಕಂಡ ಕನ್ನಡೇತರರಿಗೆ ಅವು ಕೇವಲ ಅಲಂಕಾರವೆಂದು ತೋರಬಹುದು. ಬೇಂದ್ರೆಯವರನ್ನು ಓದಿದವರಿಗೆ ಹಾಗೆ ತೋರಲಾರದು. ಧಾರವಾಡದ ಕವಿಯ ಮರ ಬೇರುಬಿಟ್ಟದ್ದು ಮದರಾಸಿನ ಮರಳಿನಲ್ಲಿ.

ಕನ್ನಡದೊಡನೆ ಅವರ ಸಂಬಂಧ ಇಷ್ಟಕ್ಕೇ ನಿಲ್ಲಲಿಲ್ಲ. 1963ರಿಂದ 1970ರವರೆಗೆ ಆಕ್ಸ್‌ಫರ್ಡ್ ಮುದ್ರಣಾಲಯದ ಉದ್ಯೋಗಿಯಾಗಿ ಮದರಾಸಿನಲ್ಲಿದ್ದ ಗಿರೀಶ ಕಾರ್ನಾಡರು, ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ, ಅವರ ಪತ್ನಿ ಸ್ನೇಹಲತಾ, ನಾಟಕದ ಗೆಳೆಯರು, ಇವರೆಲ್ಲ ಸೇರಿ ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ವನ್ನು ಚಲನಚಿತ್ರವಾಗಿಸಿದರು. ಕಲಾನಿರ್ದೇಶನ ವಾಸುದೇವ್ ಅವರದು. ಇಲ್ಲೊಂದು ವಿಪರ್ಯಾಸವಿದೆ. ತ್ಯಾಗರಾಯನಗರದ ಸುತ್ತಲಿನ ಸ್ಟುಡಿಯೋಗಳಲ್ಲಿ ಬಣ್ಣ ಬಳಿದ ಹಲಗೆಯ ಅರಮನೆ, ಹಳ್ಳಿಗಳನ್ನು ನಿಲ್ಲಿಸಿ ಕನ್ನಡ ಚಿತ್ರಗಳನ್ನು ತೆಗೆಯುತ್ತಿದ್ದ ಕಾಲದಲ್ಲಿ, ಬಣ್ಣವೇ ವೃತ್ತಿಯಾಗಿದ್ದ ಚಿತ್ರಕಾರನೊಬ್ಬನು ಕಲಾನಿರ್ದೇಶಕನಾದ ಚಿತ್ರವನ್ನು ಶೃಂಗೇರಿಯ ಸಮೀಪದ ವೈಕುಂಠಪುರದ ನಿಜವಾದ ಮನೆ, ಅಂಗಳ, ಬೀದಿಗಳ ನಡುವೆಯೇ ತೆಗೆಯಲಾಯಿತು. ಮದರಾಸಿನ ಸೆನ್ಸಾರ್ ಮಂಡಲಿ ಮೊದಲು ಅದರ ಪ್ರದರ್ಶನವನ್ನು ತಡೆಯಿತು. ಕೇಂದ್ರದ ಇಲಾಖೆ ಆ ತಡೆಯನ್ನು ತೆಗೆದ ಬಳಿಕ ಅದು 1970ರಲ್ಲಿ ತೆರೆಕಂಡು, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಕನ್ನಡದ ನವ್ಯಸಿನಿಮಾ ಇಲ್ಲಿಂದ ಮೊದಲಾಯಿತೆಂದು ಹೇಳುವವರು, ಅದರ ಬಹುಪಾಲು ಸಿದ್ಧತೆ ಹೊರನಾಡಿನ ಒಂದು ಗೆಳೆಯರ ಕೂಟದಲ್ಲಿ ನಡೆಯಿತೆಂಬುದನ್ನೂ ಸೇರಿಸಿ ಹೇಳಬೇಕು.

1988ರಲ್ಲಿ ಅರ್ನವಾಜ್ ತೀರಿಕೊಂಡರು. ಅದೇ ವರ್ಷ ವಾಸುದೇವ್ ಅವರು ಬೆಂಗಳೂರಿಗೆ ಮರಳಿದರು. ಮದರಾಸಿನಲ್ಲಿ ಕಲಿತ ಕಸಬಿನ ಗೌರವ ಅಲ್ಲಿಯೂ ಅವರನ್ನು ಬಿಡಲಿಲ್ಲ: ನೇಕಾರರೊಬ್ಬರ ಜೊತೆಗೂಡಿ ತಮ್ಮ ಚಿತ್ರಗಳನ್ನು ರೇಷ್ಮೆಯ ನೂಲಿನ ಚಿತ್ರಪಟಗಳಾಗಿ ನೇಯಿಸಿದರು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಬಾಳಿ 1993ರಲ್ಲಿ ನಿಧನರಾದ ಎ. ಕೆ. ರಾಮಾನುಜನ್ ಅವರ ಕವನಗಳಿಗೆ ಅವರು ಬರೆದ ರೇಖಾಚಿತ್ರಗಳೂ ಆಮೇಲಿನ ವರ್ಷಗಳಲ್ಲಿ ಹೆಸರಾದವು. ಕವಿ ಮತ್ತು ಚಿತ್ರಕಾರ ಇಬ್ಬರೂ ಒಂದೇ ಊರಿನವರು. ಇಬ್ಬರ ಕೃಷಿಯೂ ಬಹುಮಟ್ಟಿಗೆ ಆ ಊರಿನ ಹೊರಗೆ ನಡೆಯಿತು.