ಖಂಡಸ್ಫುಟಿತ ಜೀರ್ಣೋದ್ಧಾರ: ಶಿವಮೊಗ್ಗ–ಭದ್ರಾವತಿಯ ಎರಡು ಕಟ್ಟಡಗಳು

ಕರ್ನಾಟಕದ ದೇವಾಲಯಗಳ ದಾನಶಾಸನಗಳಲ್ಲಿ ಅಂಗಭೋಗ, ರಂಗಭೋಗಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿ, ಸುಂಕಗಳನ್ನು ಬಿಟ್ಟ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರುಕುಬಿಟ್ಟುದನ್ನು, ಶಿಥಿಲವಾದುದನ್ನು ಸರಿಪಡಿಸುವ ವೆಚ್ಚಕ್ಕೆ ಸ್ಥಿರವಾದ ಉತ್ಪತ್ತಿಯೊಂದನ್ನು ಮೊದಲೇ ಗೊತ್ತುಮಾಡುತ್ತಿದ್ದರೆಂಬುದು ಇದರ ತಾತ್ಪರ್ಯ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಾಗಿ ಪ್ರಕಟಿಸಿದ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಳಸುವ ನಾವು, ರಾಜರ ಬಿರುದುಗಳಿಗೆ ಕೊಡುವ ಗಮನವನ್ನು ಇಂತಹ ಪದಗಳಿಗೆ ಕೊಟ್ಟಿಲ್ಲ. ದುರಸ್ತಿಯು ಅಂದು ನಿತ್ಯದ ಬಾಬಾಗಿತ್ತು. ಇಂದು ಅದು ಅಂದಾಜುಪಟ್ಟಿ, ಗುತ್ತಿಗೆ, ಉದ್ಘಾಟನೆಗಳ ನಡುವೆ ಒಮ್ಮೆ ಮುಗಿದುಹೋಗುವ ಕಾಮಗಾರಿಯಾಗಿದೆ.

ಭದ್ರಾವತಿಯನ್ನು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಗುರುತಿಸುವುದು ವಾಡಿಕೆ. ಆದರೆ ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಹಳೆಯ ಊರಿನ ನಡುವೆ ಹೊಯ್ಸಳರ ಕಾಲದ, 13ನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವಿದೆ. ಜಗತಿಯ ಮೇಲೆ ನಿಂತಿರುವ ಈ ತ್ರಿಕೂಟಾಚಲವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಟ್ಟಿದೆ, ಪೂಜೆಯೂ ನಡೆದುಬಂದಿದೆ. ಹೊಯ್ಸಳ ಶಿಲ್ಪಿಗಳು ಆಯ್ದುಕೊಂಡ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿ. ಕಲ್ಲುಗಳನ್ನು ಬಹುಮಟ್ಟಿಗೆ ಗಾರೆಯಿಲ್ಲದೆ, ಒಂದಕ್ಕೊಂದು ಕೂಡಿಸಿ ನಿಲ್ಲಿಸುತ್ತಿದ್ದರು. ಇಂತಹ ಸಂದುಗಳಿಗೆ ಸಿಮೆಂಟು ತುಂಬಿದರೆ ಒಳಗೆ ಇಳಿದ ಮಳೆನೀರು ಸಂದಿನಿಂದ ಹೊರಬರಲಾರದೆ ಕಲ್ಲಿನ ಮೈಯಿಂದಲೇ ಆರಬೇಕಾಗುತ್ತದೆ. ಸಿಮೆಂಟಿನಿಂದ ಕರಗಿಬಂದ ಲವಣಗಳು ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಕೆತ್ತನೆಯನ್ನು ಪದರಪದರವಾಗಿ ಕೆಡವುತ್ತವೆ. ಕೆಡುವುದು ಹೊಸ ಸಿಮೆಂಟಲ್ಲ, ಹಳೆಯ ಶಿಲ್ಪ. ಸುಣ್ಣವನ್ನು ದಿನಗಟ್ಟಲೆ ನೆನೆಸಿ, ಅರೆದು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಮಾಡುವ ಗಾರೆ ನಿಧಾನವಾದುದು, ಆದರೆ ಅದು ಉಸಿರಾಡುತ್ತದೆ. ಆ ನಿಧಾನಕ್ಕೆ ಗುತ್ತಿಗೆಯ ಅವಧಿಯಲ್ಲಿ ಎಡೆ ದೊರೆಯುವುದು ಕಷ್ಟ.

ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ, ತುಂಗೆಯ ದಡದ ಅರಮನೆಯ ಸಮಸ್ಯೆ ಬೇರೆ ಬಗೆಯದು. ಮರದ ಕಂಬಗಳ ದರ್ಬಾರು ಸಭಾಂಗಣವುಳ್ಳ ಈ ಕಟ್ಟಡವನ್ನು ಕೆಳದಿಯ ಶಿವಪ್ಪನಾಯಕನ (1645–1660) ಹೆಸರಿನಿಂದ ಕರೆಯಲಾಗುತ್ತದೆ. ಈಗ ನಿಂತಿರುವ ರಚನೆ 18ನೆಯ ಶತಮಾನದ, ಹೈದರಾಲಿಯ ಕಾಲದ್ದೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಇದರ ಆವರಣದಲ್ಲಿ ವೀರಗಲ್ಲು, ಶಾಸನ, ಮೂರ್ತಿಶಿಲ್ಪಗಳನ್ನು ತಂದು ನಿಲ್ಲಿಸಲಾಗಿದೆ. ಹೀಗಿರುವಾಗ ಕಟ್ಟಡವನ್ನು ‘ಮೂಲಸ್ಥಿತಿಗೆ’ ತರುವುದೆಂದರೆ ಯಾರ ಕಾಲದ ಸ್ಥಿತಿಗೆ? ಹೆಸರಿನ ಮೇಲಿನ ಅಭಿಮಾನದಿಂದ 17ನೆಯ ಶತಮಾನದ ಅರಮನೆಯೊಂದನ್ನು ಊಹಿಸಿ ಕಟ್ಟಿದರೆ, ಇರುವ ಸಾಕ್ಷ್ಯವೇ ಅಳಿಸಿಹೋದೀತು. ಅಂತಹ ಕೆಲಸವನ್ನು ಸಂರಕ್ಷಣೆಯೆಂದು ಕರೆಯಲು ಈ ಲೇಖಕನಿಗೆ ಮನಸ್ಸಿಲ್ಲ.

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಹೊಸದಾಗಿ ಸೇರಿಸಿದ ಭಾಗವು ಹಳೆಯದರಿಂದ ಬೇರೆಯಾಗಿ ಕಾಣಬೇಕೆಂದು ಇಟಲಿಯ ಕಾಮಿಲ್ಲೊ ಬೊಯಿತೊ 1883ರಲ್ಲಿಯೇ ವಾದಿಸಿದ್ದ. ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಎಲ್ಲ ಕಾಲಗಳ ಕೊಡುಗೆಗಳನ್ನೂ ಮನ್ನಿಸಬೇಕು ಎಂಬ ತತ್ತ್ವಗಳನ್ನು 1964ರ ವೆನಿಸ್ ಸನ್ನದು ಅಂಗೀಕರಿಸಿತು. ಆ ದೇಶದಲ್ಲಿಯೂ ಎಲ್ಲವೂ ಸರಿಯಾಗಿ ನಡೆಯಿತೆಂದಲ್ಲ: ಅಬ್ರುಝೊ ಸೀಮೆಯ ಬೆಟ್ಟದೂರು ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊದ ಹಳೆಯ ಕಲ್ಲಿನ ಗೋಪುರ 2009ರ ಭೂಕಂಪದಲ್ಲಿ ಕುಸಿಯಿತು. ಹಿಂದಿನ ದುರಸ್ತಿಯಲ್ಲಿ ಅದರ ನೆತ್ತಿಗೆ ಹೇರಿದ್ದ ಕಾಂಕ್ರೀಟಿನ ಭಾರವೂ ಇದಕ್ಕೆ ಕಾರಣವೆಂದು ಹೇಳಲಾಗಿದೆ.

ಭದ್ರಾವತಿಯಲ್ಲಿ ಇನ್ನೊಂದು ತೊಡಕಿದೆ. ಸ್ಮಾರಕ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಗುಡಿಗೆ ಇದು ರಕ್ಷೆ. ಅದರ ಸುತ್ತ ತಲೆಮಾರುಗಳಿಂದ ಬಾಳಿದವರಿಗೆ ತಮ್ಮ ಸೋರುವ ಮಾಡನ್ನು ಸರಿಪಡಿಸಲು ಕಚೇರಿಯ ಅಲೆದಾಟ. ಅವರ ಖಂಡಸ್ಫುಟಿತಕ್ಕೆ ಯಾವ ದತ್ತಿಯೂ ಇಲ್ಲ.