ಅಭಾವದ ಕಾಲದ ಕಲಾಪೋಷಣೆ

ರಾಜ್ಯದ ಬೊಕ್ಕಸ ಬರಿದಾದಾಗ ಕಲೆಯ ಅನುದಾನಕ್ಕೆ ಕತ್ತರಿ ಬೀಳುವುದು ವಾಡಿಕೆ. ಅನ್ನ, ಔಷಧಗಳ ಮುಂದೆ ಕಲೆ ಕಾಯಬಹುದೆಂಬುದು ಇದಕ್ಕೆ ಮುಂದಿಡುವ ಸಮರ್ಥನೆ. ಬ್ರಿಟನ್ನಿನ ಚರಿತ್ರೆ ಈ ವಾದಕ್ಕೆ ಪುಷ್ಟಿ ನೀಡುವುದಿಲ್ಲ.

ಅಲ್ಲಿ ಆಹಾರದ ಪಡಿತರ ಜಾರಿಗೆ ಬಂದ 1940ರಲ್ಲಿಯೇ ಸಂಗೀತ ಮತ್ತು ಕಲೆಗಳ ಪ್ರೋತ್ಸಾಹಕ್ಕೆಂದು ಮಂಡಳಿಯೊಂದು ಸ್ಥಾಪನೆಗೊಂಡಿತು. ಪಿಲ್‌ಗ್ರಿಮ್ ಟ್ರಸ್ಟ್ ಎಂಬ ದತ್ತಿಸಂಸ್ಥೆ 25,000 ಪೌಂಡುಗಳನ್ನಿತ್ತಿತು, ಸರ್ಕಾರವೂ ಕೈಜೋಡಿಸಿತು. ಯುದ್ಧದ ನಡುವೆ ಕಾರ್ಖಾನೆಗಳ ಊಟದ ಮನೆಗಳಲ್ಲೂ ಸಂಗೀತ ಕಛೇರಿಗಳು ನಡೆದವು. 1942ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಮಂಡಳಿಯ ಅಧ್ಯಕ್ಷರಾದರು. 1946ರ ಆಗಸ್ಟ್‌ನಲ್ಲಿ ಅದು ರಾಜಸನ್ನದು ಪಡೆದು ಆರ್ಟ್ಸ್ ಕೌನ್ಸಿಲ್ ಆಯಿತು. ಯುದ್ಧಕಾಲದಲ್ಲಿಯೂ ನಿರ್ಬಂಧವಿಲ್ಲದೆ ದೊರೆಯುತ್ತಿದ್ದ ಬ್ರೆಡ್ಡಿಗೆ ಅದರ ಹಿಂದಿನ ತಿಂಗಳಷ್ಟೇ ಪಡಿತರ ವಿಧಿಸಲಾಗಿತ್ತು!

ಈ ನೆರವು ಎಲ್ಲರಿಗೂ ಸಮನಾಗಿ ಸಂದಿತೆನ್ನಲಾಗದು. ಕೇನ್ಸರ ಒಲವು ಹವ್ಯಾಸಿ ತಂಡಗಳಿಗಿಂತ ವೃತ್ತಿಪರ ಸಂಸ್ಥೆಗಳತ್ತಲೇ ಇತ್ತು. ಆದರೂ ಕಲೆ ರಾಜ್ಯದ ಹೊಣೆಯೆಂಬ ತತ್ತ್ವ ಆ ಕಡುಕಷ್ಟದಲ್ಲಿಯೇ ಸ್ಥಿರಗೊಂಡಿತು.

2010ರಲ್ಲಿ ಮಿತವ್ಯಯದ ಹೆಸರಿನಲ್ಲಿ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡಿನ ಅನುದಾನವನ್ನು ಸುಮಾರು ಶೇ. 30ರಷ್ಟು ಕಡಿತಗೊಳಿಸಲು ಸರ್ಕಾರ ನಿರ್ಧರಿಸಿದಾಗ, ಆ ದೇಶ 1946ಕ್ಕಿಂತ ಎಷ್ಟೋ ಸಿರಿವಂತವಾಗಿತ್ತು. ಆದುದರಿಂದ ಕಡಿತದ ಕಾರಣವನ್ನು ಬೊಕ್ಕಸದಲ್ಲಿ ಮಾತ್ರ ಹುಡುಕಿದರೆ ಸಾಲದು. ಕಲೆಯನ್ನು ಪ್ರಜೆಗಳ ಅಗತ್ಯವೆಂದು ಕಾಣುವ ದೃಷ್ಟಿ ಆಳುವವರಲ್ಲಿ ಉಳಿದಿದೆಯೇ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.